ಹೆಸರಿನಲ್ಲಿ ಉಳಿದ ನೀರು: ಬಿಳಿಚೋಡು ಸೀಮೆಯ ಸ್ಥಳನಾಮಗಳು

ಹಿಜರಿ 615ರಲ್ಲಿ, ಅಂದರೆ ಕ್ರಿ.ಶ. 1218ರ ಸುಮಾರಿಗೆ, ಮರ್ವ್ ನಗರದ ವಿದ್ವತ್ಸಭೆಯೊಂದರಲ್ಲಿ ಹದೀಸ್‌ನಲ್ಲಿ ಬರುವ ಒಂದು ಸಂತೆಯ ಹೆಸರಿನ ಕುರಿತು ಚರ್ಚೆ ಎದ್ದಿತು. ಯಾಕೂತ್ ಅಲ್ ಹಮವಿಯವರು ಅದನ್ನು ‘ಹುಬಾಶಾ’ ಎಂದರು. ಮತ್ತೊಬ್ಬರು ‘ಹಬಾಶಾ’ ಎಂದು ಪಟ್ಟು ಹಿಡಿದರು. ಒಂದು ಸ್ವರದ ಈ ತಕರಾರು ಯಾಕೂತರನ್ನು ‘ಮುಅಜಮುಲ್ ಬುಲ್ದಾನ್’ ಎಂಬ ಸ್ಥಳನಾಮಗಳ ಮಹಾಕೋಶದ ರಚನೆಗೆ ಪ್ರೇರೇಪಿಸಿತು. ಊರಿನ ಹೆಸರನ್ನು ಸರಿಯಾಗಿ ದಾಖಲಿಸುವುದು ನಮ್ಮ ಹಿರಿಯರಿಗೆ ಕ್ಷುಲ್ಲಕ ಕೆಲಸವಾಗಿರಲಿಲ್ಲ.

ಆ ದೃಷ್ಟಿಯಿಂದ ನಮ್ಮ ಬಿಳಿಚೋಡು ಹೋಬಳಿಯನ್ನೂ ಅದು ಸೇರಿರುವ ಜಗಳೂರು ತಾಲ್ಲೂಕನ್ನೂ ನೋಡೋಣ. ಬಿದರಕೆರೆ, ದೇವಿಕೆರೆ, ತೋರಣಗಟ್ಟೆ, ಪಲ್ಲಾಗಟ್ಟೆ, ಹಿರೇಮಲ್ಲನಹೊಳೆ, ದೊಣೆಹಳ್ಳಿ. ಕೆರೆ, ಕಟ್ಟೆ, ಹೊಳೆ, ಬಂಡೆಯ ಪೊಟರೆಯಲ್ಲಿ ನೀರು ನಿಲ್ಲುವ ದೊಣೆ: ಬರಕ್ಕೆ ಹೆಸರಾದ ಈ ತಾಲ್ಲೂಕಿನ ಊರುಗಳ ಹೆಸರಿನಲ್ಲಿ ನೀರೇ ತುಂಬಿದೆ. ನೀರು ವಿರಳವಾದ ನೆಲದಲ್ಲಿ ಜನರು ನೀರಿನ ನೆಲೆಯನ್ನೇ ಗುರುತಾಗಿಸಿಕೊಂಡರು.

ಊರುಗಳ ಹೆಸರು ದಾಖಲೆಗಳಲ್ಲಿ ಉಳಿದಿದೆ. ಆದರೆ ಊರಿನೊಳಗಿನ ಹಳ್ಳ, ದಿಬ್ಬ, ಹೊಲ, ಕಾಲುದಾರಿಗಳ ಹೆಸರುಗಳು ಬಹುಪಾಲು ಬಾಯಿಮಾತಿನಲ್ಲಿಯೇ ಇವೆ. ಕಂದಾಯ ಲೆಕ್ಕದಲ್ಲಿ ಹೊಲಕ್ಕೆ ಸರ್ವೆ ನಂಬರು ಮಾತ್ರ. ಹಳ್ಳ, ದಾರಿ, ಸ್ಮಶಾನಗಳಿಗೆ ‘ಖರಾಬು’ ಎಂಬ ಒಂದೇ ಪದ. ತಾಲ್ಲೂಕು, ಕಸಬಾ ಎಂಬ ಪದಗಳಂತೆ ಇದೂ ಅರಬಿಯಿಂದ ಪಾರಸಿಯ ಮೂಲಕ ಕನ್ನಡಕ್ಕೆ ಬಂದದ್ದು, ಮೂಲಾರ್ಥ ‘ಪಾಳುಬಿದ್ದದ್ದು’. ಲೆಕ್ಕದಲ್ಲಿ ಖರಾಬು ಎನಿಸಿದ ಹಳ್ಳಕ್ಕೆ ಅಜ್ಜಿಯ ಬಾಯಲ್ಲಿ ಸ್ವಂತ ಹೆಸರಿರುತ್ತದೆ. ಆ ಹೆಸರು ಮರೆತ ಹಳ್ಳವನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡರೆ ಕೇಳುವವರಿರುವುದಿಲ್ಲ. ಹೆಸರಿಲ್ಲದ ಖಬರಸ್ತಾನಕ್ಕೂ ಅದೇ ಗತಿ.

ದಾಖಲಿಸುವಾಗ ಎಚ್ಚರವೂ ಬೇಕು. ಹೆಸರಿಗೆ ಕಥೆ ಕಟ್ಟುವುದು ಸುಲಭ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂಬ ಹೆಸರು ಬಂತೆನ್ನುತ್ತಾರೆ. ಆದರೆ ಆ ಅರಸನಿಗಿಂತ ಸುಮಾರು 300 ವರ್ಷ ಹಿಂದಿನ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರಿನ ಹೆಸರಿದೆ. ಬಿಳಿಚೋಡಿನ ಹೆಸರನ್ನೂ ಆತುರದಿಂದ ಬಿಡಿಸಿ ಅರ್ಥ ಹಚ್ಚಬಾರದು. 1997ರವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು; ಹಳೆಯ ರೂಪಗಳನ್ನು ಹುಡುಕುವವರು ಆ ಜಿಲ್ಲೆಯ ಶಾಸನಗಳಿಗೆ ಮೀಸಲಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟವನ್ನು ನೋಡಬೇಕು.

ಹದೀಸ್ ಸಂಗ್ರಾಹಕರು ನಮಗೆ ಕಲಿಸಿದ ಮಾರ್ಗ ಇಸ್ನಾದ್: ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದ್ದರು ಎಂಬ ಸರಪಳಿ. ನೆಲದ ಹೆಸರಿಗೂ ಅದೇ ಶಿಸ್ತು ಸಲ್ಲುತ್ತದೆ. ಹೆಸರನ್ನು ಹಿರಿಯರು ಉಚ್ಚರಿಸಿದಂತೆಯೇ ಬರೆಯಬೇಕು. ಹೇಳಿದವರು ಯಾರು, ಅವರು ಯಾರಿಂದ ಕೇಳಿದ್ದರು, ಸರ್ವೆ ನಂಬರು ಯಾವುದು, ಅಲ್ಲಿ ಈಗ ಏನಿದೆ ಎಂಬುದನ್ನು ಜೊತೆಗೆ ಸೇರಿಸಬೇಕು. ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಟ್ಟು ಮನೆಯ ಹಿರಿಯರ ಬಳಿ ಕೂರಿಸೋಣ. ಕುರಿ ಕಾಯ್ದವರನ್ನೂ ಸೌದೆ ತಂದ ಅಜ್ಜಿಯರನ್ನೂ, ಯಾವ ಧರ್ಮದವರೇ ಆಗಿರಲಿ, ಕೇಳೋಣ. ಅವರ ಬಾಯಿಂದ ನಾವು ಪಡೆದ ಹೆಸರುಗಳು ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಮುಂದಿನವರಿಗೆ ತಲುಪಿಸುವುದು ನಮ್ಮ ಹೊಣೆ.