ಹರದನ ಸರಕು, ಕೊಂಡವನ ಸ್ವಾಮ್ಯ

ಚಾಮರಾಜನಗರದ ಮಗ್ಗುಲಲ್ಲಿ ಹರದನಹಳ್ಳಿ ಎಂಬ ಊರಿದೆ. ಹಾಸನ ಜಿಲ್ಲೆಯಲ್ಲಿಯೂ ಇದೇ ಹೆಸರಿನ ಊರೊಂದುಂಟು. ನಾನು ಹೇಳಹೊರಟಿರುವುದು ಅದನ್ನಲ್ಲ. ದಿವ್ಯಲಿಂಗೇಶ್ವರನ ದೇವಾಲಯದಿಂದಲೂ ಗೋಸಲ ಚನ್ನಬಸವೇಶ್ವರರ ಮಠದಿಂದಲೂ ಹೆಸರಾದ ಊರಿದು. ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗ ಯತಿಗಳು ಇಲ್ಲಿಯ ಗುರುಗಳ ಶಿಷ್ಯರು. ಇಷ್ಟು ಸಂಗತಿ ಅನೇಕರಿಗೆ ಗೊತ್ತು. ಊರಿನ ಹೆಸರಿನ ಕಡೆಗೆ ಗಮನ ಕೊಡುವವರು ಕಡಮೆ. ಹಳಗನ್ನಡದಲ್ಲಿ 'ಪರದ' ಎಂದರೆ ವರ್ತಕ, 'ಪರದು' ಎಂದರೆ ವ್ಯಾಪಾರ. ಪಕಾರವು ಹಕಾರವಾದ ಕಾಲದಲ್ಲಿ ಪರದನು ಹರದನಾದ. ಪದದ ಸಹಜಾರ್ಥವನ್ನು ಹಿಡಿದರೆ ಹರದನಹಳ್ಳಿಯೆಂಬುದು ವರ್ತಕನ ಹಳ್ಳಿ.

ವರ್ತಕನ ಹೆಸರು ಹೊತ್ತ ಊರನ್ನು ನೆನೆದಾಗ ಒಂದು ಪ್ರಶ್ನೆ ಏಳುವುದು ಸಹಜ. ಮಾರುವುದೆಂದರೇನು? ಕೊಳ್ಳುವುದೆಂದರೇನು? ಹಣ ಕೈ ಬದಲಾಯಿಸಿದ ಮೇಲೆ ಸರಕಿನ ಮೇಲೆ ಹರದನಿಗೆ ಉಳಿಯುವ ಅಧಿಕಾರವೆಷ್ಟು, ಕೊಂಡವನಿಗೆ ಬರುವ ಸ್ವಾಮ್ಯವೆಷ್ಟು? ಇದು ಮಕ್ಕಳಿಗೂ ಗೊತ್ತಿರುವ ವಿಷಯವೆಂದು ನಾವು ತಿಳಿದಿದ್ದೆವು. ಕಳೆದ ನಲವತ್ತೈವತ್ತು ವರ್ಷಗಳಲ್ಲಿ, ಅದರಲ್ಲಿಯೂ ಮಕ್ಕಳ ಆಟಗಳ ವಿಷಯದಲ್ಲಿಯೇ, ಅದು ತೊಡಕಿನ ಪ್ರಶ್ನೆಯಾಗಿ ಕುಳಿತಿದೆ.

ನಮ್ಮ ಹಿರಿಯರು ಈ ಪ್ರಶ್ನೆಗೆ ಕೊಟ್ಟ ಉತ್ತರ ಶಾಸನಗಳಲ್ಲಿದೆ. ರೈಸ್ ಸಾಹೇಬರು 1898ರಲ್ಲಿ ಅಚ್ಚು ಹಾಕಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳೂ ಸೇರಿವೆ. ವಿಜಯನಗರದ ಕಾಲದಿಂದ ಈಚೆಗೆ ಕನ್ನಡನಾಡಿನಲ್ಲಿ ಭೂಮಿಯನ್ನು ಕೊಡುವಾಗ, ಮಾರುವಾಗ ಪತ್ರದಲ್ಲಿ ಬರೆಯುತ್ತಿದ್ದ ಒಕ್ಕಣೆಯೊಂದುಂಟು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಹೆಸರಿಸಿ, ಅವೆಲ್ಲವೂ ಪಡೆದವನಿಗೆ ಸಲ್ಲತಕ್ಕದ್ದೆಂದು ಹೇಳುವುದು. ಅಷ್ಟಕ್ಕೇ ನಿಲ್ಲದೆ, ದಾನ, ಆಧಿ, ಕ್ರಯ, ವಿನಿಮಯ ಎಂಬ ನಾಲ್ಕು ವ್ಯವಹಾರಗಳಿಗೂ ಅವನು ಅಧಿಕಾರಿ. ಎಂದರೆ ಕೊಡಬಹುದು, ಒತ್ತೆಯಿಡಬಹುದು, ಮಾರಬಹುದು, ಬದಲಾಯಿಸಿಕೊಳ್ಳಬಹುದು. ಪುತ್ರಪೌತ್ರ ಪಾರಂಪರ್ಯವಾಗಿ, ಚಂದ್ರಸೂರ್ಯರಿರುವ ತನಕ ಅನುಭವಿಸಬಹುದು. ಕೊಟ್ಟವನು ಮತ್ತೆ ಬಂದು ಕದ ತಟ್ಟುವಂತಿಲ್ಲ. ಪತ್ರ ಬರೆದವನಿಗೆ ಮನುಷ್ಯಸ್ವಭಾವ ಚೆನ್ನಾಗಿ ತಿಳಿದಿತ್ತು. ಆದುದರಿಂದಲೇ ಬಿಡಿಸಿ ಬಿಡಿಸಿ ಬರೆದ.

ಭೂಮಿಯ ಮಾತು ಹೀಗಾಯಿತು. ಗ್ರಂಥದ ಮಾತು ಇನ್ನೂ ಸ್ವಾರಸ್ಯವಾದುದು. ಭೂಮಿಯನ್ನು ಕೊಟ್ಟರೆ ಕೊಟ್ಟವನಲ್ಲಿ ಉಳಿಯುವುದಿಲ್ಲ. ಗ್ರಂಥವನ್ನು ಪ್ರತಿ ಮಾಡಿ ಕೊಟ್ಟರೆ ಇಬ್ಬರಲ್ಲಿಯೂ ಇರುತ್ತದೆ. ಈ ಗುಣವನ್ನು ನಮ್ಮ ಪೂರ್ವಿಕರು ದೋಷವೆಂದು ಎಣಿಸಲಿಲ್ಲ, ಪುಣ್ಯಕ್ಕೆ ದಾರಿಯೆಂದು ಎಣಿಸಿದರು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವೇ. ಓಲೆಯ ಮೇಲೆ ಕಂಠದಿಂದ ಕೊರೆದು ಬರೆದ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಒಂದು ಬೇಡಿಕೆಯನ್ನು ಬಿಟ್ಟುಹೋಗುವುದುಂಟು: ಬೆನ್ನು ಬಾಗಿಸಿ, ಕಣ್ಣು ನೋಯಿಸಿ ಬರೆದಿದ್ದೇವೆ, ಇದನ್ನು ಎಣ್ಣೆಗೂ ನೀರಿಗೂ ಕೊಡದೆ ಕಾಪಾಡಿ ಎಂದು. ಪ್ರತಿ ಮಾಡಬೇಡಿರೆಂದು ಅವರು ಕೇಳಿಕೊಳ್ಳಲಿಲ್ಲ.

ಇದರ ಫಲವೇನೆಂಬುದಕ್ಕೆ ಹರದನಹಳ್ಳಿಯ ಪರಂಪರೆಯೇ ಸಾಕ್ಷಿ. ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯನಿಂದ ಹಿಡಿದು ನಾಲ್ವರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ನಾಲ್ಕನೆಯವರಾದ ಗೂಳೂರು ಸಿದ್ಧವೀರಣ್ಣೊಡೆಯರು ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆಯವರು. ಒಬ್ಬನ ಗ್ರಂಥಕ್ಕೆ ಬೀಗವಿದ್ದಿದ್ದರೆ ಮತ್ತೊಬ್ಬನ ಗ್ರಂಥ ಹುಟ್ಟುತ್ತಿರಲಿಲ್ಲ. ಮುಂದೆ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಒಟ್ಟುಗೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದಾಗ, ಆ ಕಟ್ಟುಗಳು ಸಿಕ್ಕಿದ್ದು ಮಠಗಳಲ್ಲಿ, ಗೃಹಸ್ಥರ ಮನೆಗಳಲ್ಲಿ. ಒಂದು ಮನೆಯ ಕಟ್ಟನ್ನು ಗೆದ್ದಲು ತಿಂದಿದ್ದರೆ ಇನ್ನೊಂದು ಮನೆಯದು ಉಳಿದಿತ್ತು. ಹಲವು ಕೈಗಳಲ್ಲಿ ಇದ್ದದ್ದು ಉಳಿಯಿತು.

ಇನ್ನು ಆಟದ ವಿಷಯ. ಅರಿಕುಠಾರವೆಂಬ ಊರಿಗೆ ತಂದೆಯ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ವಿಷಯದಲ್ಲಿ ಅಸಾಧಾರಣ ಪುರುಷರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಇಟ್ಟು ನಡೆಸುವ ಲೆಕ್ಕಗಳನ್ನು ಬಿಡಿಸಿದರು. 36 ಎಲೆಗಳಿಂದ 360 ಎಲೆಗಳವರೆಗಿನ ಗಂಜೀಫ ಆಟಗಳನ್ನು ಕಲ್ಪಿಸಿದರು. ಶ್ರೀತತ್ತ್ವನಿಧಿಯ ಒಂಬತ್ತನೆಯ ನಿಧಿಯಾದ ಕೌತುಕನಿಧಿಯಲ್ಲಿ ಅವುಗಳನ್ನು ಬರೆಯಿಸಿಟ್ಟರು. ಬರೆದಿಟ್ಟದ್ದರಿಂದ ಆ ಆಟಗಳು ಇಂದಿಗೂ ತಿಳಿಯುತ್ತವೆ. ಆದರೆ ಅರಮನೆಯಿಂದಾಚೆಗೆ ಹೆಚ್ಚಾಗಿ ಹಬ್ಬದ ಕಾರಣ ಆಡುವವರು ಅಪರೂಪ. ಅಳಗುಳಿಮಣೆ, ಚೌಕಾಬಾರ, ಹುಲಿಕುರಿಯಾಟಗಳ ಪಾಡು ಬೇರೆ. ಅವನ್ನು ಕಲ್ಪಿಸಿದವರು ಯಾರೆಂಬುದೇ ತಿಳಿಯದು. ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಅವುಗಳ ಮನೆಗಳನ್ನು ಯಾರೋ ಗೀರಿದ್ದಾರೆ. ಸೀಮೆಸುಣ್ಣ, ಹುಣಿಸೆಬೀಜ, ಕವಡೆ ಇದ್ದರೆ ಯಾರು ಬೇಕಾದರೂ ಆಡಬಹುದು.

ಈಗಿನ ಆಟ ಕಂಪ್ಯೂಟರಿನದು. ಅದು ಮಣೆಯೂ ಹೌದು, ಗ್ರಂಥವೂ ಹೌದು. ಗ್ರಂಥದಂತೆಯೇ ಪ್ರತಿ ಮಾಡಿದರೂ ಮೂಲ ಸವೆಯುವುದಿಲ್ಲ. ಓಲೆಯನ್ನು ಪ್ರತಿ ಮಾಡಲು ತಿಂಗಳುಗಳು ಬೇಕಾಗುತ್ತಿದ್ದವು. ಇದಕ್ಕೆ ನಿಮಿಷಗಳು ಸಾಕು. ಇಲ್ಲಿಂದ ಜಗಳ ಮೊದಲಾಯಿತು. ಬಿಲ್ ಗೇಟ್ಸ್ ಅವರು 1976ರಲ್ಲಿಯೇ ಒಂದು ಬಹಿರಂಗ ಪತ್ರ ಬರೆದು, ದುಡಿದು ಬರೆದ ಪ್ರೋಗ್ರಾಮನ್ನು ಹವ್ಯಾಸಿಗಳು ಬಿಟ್ಟಿಯಾಗಿ ಹಂಚಿಕೊಳ್ಳುತ್ತಿದ್ದಾರೆಂದು ದೂರಿದ್ದರು. ದೂರು ಸುಳ್ಳಲ್ಲ. ಅತ್ತಿಮಬ್ಬೆಯ ಕಾಲದ ಕವಿಗೆ ಆಶ್ರಯದಾತರಿದ್ದರು. ಮುಮ್ಮಡಿಯವರಿಗೆ ಆಟವನ್ನು ಮಾರಿ ಬದುಕಬೇಕಾದ ಅಗತ್ಯವಿರಲಿಲ್ಲ. ಇಂದು ಆಟವನ್ನು ರಚಿಸುವವನಿಗೆ ಮಾರಾಟವೇ ಅನ್ನ.

ಆದುದರಿಂದ ಬೀಗಗಳು ಬಂದವು. ಮೊದಮೊದಲಿನ ಬೀಗಗಳಲ್ಲಿ ಒಂದು ಬಗೆಯ ವಿನೋದವಿತ್ತು. ಜೊತೆಗೆ ಕೊಟ್ಟ ಪುಸ್ತಕದ ಇಂಥ ಪುಟದ ಇಂಥ ಸಾಲಿನ ಪದವಾವುದೆಂದು ಆಟವೇ ಕೇಳುವುದು. ಉತ್ತರ ತಿಳಿಯದಿದ್ದರೆ ಕದ ತೆರೆಯದು. 1990ರಲ್ಲಿ ಬಂದ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ಎಂಬ ಆಟದಲ್ಲಿ ರಟ್ಟಿನ ಚಕ್ರವನ್ನು ತಿರುಗಿಸಿ ಕಡಲುಗಳ್ಳರ ಮುಖಗಳನ್ನು ಹೊಂದಿಸಬೇಕಾಗಿತ್ತು. ಸೀಡಿಯ ಕಾಲದಲ್ಲಿ ಬೀಗ ಬಿಗಿಯಾಯಿತು. 2005ರಲ್ಲಿ ಸೋನಿ ಬಿಎಂಜಿ ಕಂಪನಿ ಸಂಗೀತದ ಸೀಡಿಗಳಲ್ಲಿ ಕೊಂಡವರಿಗೆ ತಿಳಿಸದೆ ಪ್ರೋಗ್ರಾಮೊಂದನ್ನು ಅಡಗಿಸಿಟ್ಟದ್ದು ಬಯಲಾಗಿ ದೊಡ್ಡ ಗಲಭೆಯಾಯಿತು. 2003ರಲ್ಲಿ ವಾಲ್ವ್ ಕಂಪನಿಯ 'ಸ್ಟೀಮ್' ಅಂಗಡಿಯ ವ್ಯವಸ್ಥೆ ಆರಂಭವಾದ ಮೇಲೆ ಇಂಟರ್ನೆಟ್ಟಿನ ಮೂಲಕ ಕೊಳ್ಳುವುದು ರೂಢಿಯಾಯಿತು. ಎಷ್ಟೋ ಆಟಗಳ ಬೀಗದ ಕೈ ಕೊಂಡವನ ಮನೆಯಲ್ಲಿರದೆ ದೂರದ ಯಂತ್ರದಲ್ಲಿ ಉಳಿಯಿತು.

ಅದರ ಅರ್ಥ ನನಗೆ ಮನದಟ್ಟಾದದ್ದು ನನ್ನ ತಂಗಿಯ ಮಗನ ಮೂಲಕ. ಕೈಖರ್ಚಿನ ಹಣವನ್ನು ಕೂಡಿಹಾಕಿ ಅವನು ಒಂದು ಆಟವನ್ನು ಕೊಂಡಿದ್ದ. ಕಂಪನಿಯವರು ತಮ್ಮ ಯಂತ್ರವನ್ನು ನಿಲ್ಲಿಸಿದರು, ಆಟವೂ ನಿಂತಿತು. "ನಾನು ದುಡ್ಡು ಕೊಟ್ಟಿದ್ದೆನಲ್ಲ, ಮಾವ?" ಎಂದು ಹುಡುಗ ಕೇಳಿದ. ಕರಾರನ್ನು ತೆಗೆದು ಓದಿದೆ. ನೀನು ಕೊಂಡದ್ದು ಆಟವನ್ನಲ್ಲ, ಆಡಲು ಅನುಮತಿಯನ್ನು ಎಂದು ಅದರಲ್ಲಿ ಬರೆದಿತ್ತು. ಅಷ್ಟಭೋಗಗಳಲ್ಲಿ ಒಂದೂ ಅವನ ಪಾಲಿಗೆ ಬಂದಿರಲಿಲ್ಲ.

ಇದು ಒಬ್ಬ ಹುಡುಗನ ಪಾಡಲ್ಲ. 2009ರಲ್ಲಿ ಅಮೆಜಾನ್ ಸಂಸ್ಥೆ, ಹಕ್ಕಿಲ್ಲದವರು ಮಾರಿದ್ದಾರೆಂಬ ಕಾರಣಕ್ಕೆ, ಓದುಗರ ಕಿಂಡಲ್ ಯಂತ್ರಗಳಿಂದ ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯನ್ನು ಅಳಿಸಿಹಾಕಿತು. ಹಣ ವಾಪಸು ಬಂತು, ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಅಂಗಡಿಯವನು ಮನೆಯೊಳಕ್ಕೆ ಬರಬಲ್ಲನೆಂಬುದು ಲೋಕಕ್ಕೆ ತಿಳಿಯಿತು. ಯುಬಿಸಾಫ್ಟ್ ಕಂಪನಿ 2014ರಲ್ಲಿ ಮಾರಲಾರಂಭಿಸಿದ 'ದಿ ಕ್ರೂ' ಆಟದ ಯಂತ್ರಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಇದರ ವಿರುದ್ಧ ಎದ್ದ ಚಳವಳಿಯ ಮನವಿಗೆ 2025ರಲ್ಲಿ ಯೂರೋಪಿನ 10 ಲಕ್ಷಕ್ಕೂ ಹೆಚ್ಚು ಜನ ರುಜು ಹಾಕಿದರು. ಅಮೆರಿಕದ ಆಟಗಳ ಇತಿಹಾಸವನ್ನು ಕಾಪಾಡುವ ಸಂಸ್ಥೆಯೊಂದು 2023ರಲ್ಲಿ ಲೆಕ್ಕ ಹಾಕಿದಂತೆ, ಆ ದೇಶದಲ್ಲಿ 2010ಕ್ಕೆ ಮುಂಚೆ ಹೊರಬಂದ ಆಟಗಳಲ್ಲಿ ನೂರಕ್ಕೆ 87 ಮಾರುಕಟ್ಟೆಯಲ್ಲಿ ದೊರೆಯುವುದೇ ಇಲ್ಲ. ಐನೂರು ವರ್ಷದ ಓಲೆಗಿಂತ ಹದಿನೈದು ವರ್ಷದ ಆಟ ಬೇಗ ನಶಿಸುತ್ತದೆಂಬುದು ಆಶ್ಚರ್ಯವಾದರೂ ನಿಜ.

ಬೀಗವಿಲ್ಲದೆ ಮಾರುವ ಹರದರು ಇಲ್ಲವೆ? ಇದ್ದಾರೆ. ಅವರಲ್ಲಿ ಮುಖ್ಯರಾದವರು ಪೋಲೆಂಡಿನವರು. ಆ ದೇಶದಲ್ಲಿ ಕಮ್ಯುನಿಸ್ಟ್ ಆಡಳಿತ ಮುಗಿದ ಹೊಸತರಲ್ಲಿ ವಾರ್ಸಾ ಪಟ್ಟಣದ ಬಯಲುಸಂತೆಗಳಲ್ಲಿ ನಕಲು ಆಟಗಳದೇ ರಾಜ್ಯಭಾರ. ಹೊಸ ಕೃತಿಸ್ವಾಮ್ಯ ಕಾನೂನು ಬಂದ 1994ರಲ್ಲಿಯೇ ಮಾರ್ಚಿನ್ ಇವಿನ್ಸ್ಕಿ, ಮಿಖಾಲ್ ಕಿಚಿನ್ಸ್ಕಿ ಎಂಬ ಇಬ್ಬರು ಗೆಳೆಯರು 'ಸಿಡಿ ಪ್ರೊಜೆಕ್ಟ್' ಎಂಬ ಕಂಪನಿಯನ್ನು ಕಟ್ಟಿದರು. ನಕಲಿನವನನ್ನು ಬೆಲೆಯಲ್ಲಿ ಸೋಲಿಸುವುದು ಆಗದ ಮಾತು. ಗುಣದಲ್ಲಿ ಸೋಲಿಸಬಹುದೆಂದು ಅವರು ಕಂಡುಕೊಂಡರು. 1999ರಲ್ಲಿ 'ಬಾಲ್ಡರ್ಸ್ ಗೇಟ್' ಎಂಬ ದೊಡ್ಡ ಆಟವನ್ನು ಪೋಲಿಷ್ ಭಾಷೆಗೆ ತಂದು, ನಕ್ಷೆ, ನಿಯಮಗಳ ಪುಸ್ತಕ, ಸಂಗೀತದ ಸೀಡಿಗಳೊಡನೆ ಮಾರಿ ಗೆದ್ದರು. ಅದೇ ಅನುಭವದ ಮೇಲೆ 2008ರಲ್ಲಿ 'ಗುಡ್ ಓಲ್ಡ್ ಗೇಮ್ಸ್' ಎಂಬ ಅಂಗಡಿಯನ್ನು ಇಂಟರ್ನೆಟ್ಟಿನಲ್ಲಿ ತೆರೆದರು; ಈಗ 'ಗಾಗ್' ಎಂಬ ಹ್ರಸ್ವನಾಮದಿಂದಲೇ ಅದು ಪ್ರಸಿದ್ಧ. ಹಳೆಯ ಆಟಗಳನ್ನು ಹೊಸ ಯಂತ್ರದಲ್ಲಿ ನಡೆಯುವಂತೆ ಸರಿಪಡಿಸಿ, ಬೀಗ ಬಿಚ್ಚಿ, ಅಗ್ಗವಾಗಿ ಮಾರುವುದು ಅದರ ಕ್ರಮ. ಹಣ ಕೊಟ್ಟವನು ಆಟದ ಕಡತವನ್ನು ತನ್ನ ಡಿಸ್ಕಿನಲ್ಲಿ ಇಳಿಸಿಕೊಳ್ಳಬಹುದು. ಆಮೇಲೆ ಅಂಗಡಿ ಮುಚ್ಚಿದರೂ ಆಟ ನಡೆಯುತ್ತದೆ. ಇವರದೇ ಕೃತಿಯಾದ 'ದಿ ವಿಚರ್ 3' 2015ರಲ್ಲಿ ಈ ಅಂಗಡಿಯಲ್ಲಿ ಮೊದಲ ದಿನದಿಂದಲೇ ಬೀಗವಿಲ್ಲದೆ ಮಾರಾಟವಾಯಿತು. ಎಲ್ಲ ಕಡೆಗಳಿಂದ ಸೇರಿ 2023ರ ವೇಳೆಗೆ 5 ಕೋಟಿ ಪ್ರತಿಗಳು ಖರ್ಚಾಗಿದ್ದವು.

ಬೀಗವಿಲ್ಲದಿದ್ದರೆ ಕಳ್ಳತನವೇ ಇರದೆಂದು ವಾದಿಸುವುದು ಸತ್ಯಕ್ಕೆ ದೂರ. 2010ರಲ್ಲಿ 'ಹಂಬಲ್ ಇಂಡೀ ಬಂಡಲ್' ಎಂಬ ಹೆಸರಿನಲ್ಲಿ ಕೆಲವು ಆಟಗಳನ್ನು ಬೀಗವಿಲ್ಲದೆ, ಕೊಂಡವರು ಇಷ್ಟ ಬಂದಷ್ಟು ಬೆಲೆ ಕೊಡಬಹುದೆಂದು ಮಾರಿದರು. ಒಂದು ಸೆಂಟು ಕೊಟ್ಟರೂ ಸಾಕಿತ್ತು. ಆದರೂ ಇಳಿಸಿಕೊಂಡ ಪ್ರತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಕಾಸು ಬರಲಿಲ್ಲವೆಂದು ಮಾರಿದವರೇ ಅಂದಾಜು ಮಾಡಿದರು. ಉಳಿದವರು ಕೊಟ್ಟ ಹಣ 10 ಲಕ್ಷ ಡಾಲರಿಗೆ ಮಿಕ್ಕಿತ್ತು. ಎರಡು ಸಂಗತಿಗಳನ್ನೂ ಒಟ್ಟಿಗೆ ನೆನಪಿಡಬೇಕು. ಬೀಗ ಹಾಕಿದ ಆಟಗಳನ್ನೂ ನಕಲು ಮಾಡುವವರು ಬಿಟ್ಟಿಲ್ಲ. ಬೀಗದ ಕಾಟ ತಟ್ಟುವುದು ಹಣ ಕೊಟ್ಟವನಿಗೆ, ಮುರಿದುಕೊಂಡವನಿಗಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣದಲ್ಲಿ, ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು ನಷ್ಟ, ನಾಶಗಳಿಂದ ರಕ್ಷಣೆಗೆಂದು ಕಾಪುಪ್ರತಿ ಮಾಡಿಕೊಳ್ಳಲು ಅವಕಾಶವಿದೆ. 2012ರ ತಿದ್ದುಪಡಿಯಿಂದ ಸೇರಿದ 65ಎ ಪ್ರಕರಣವಾದರೋ, ಕೃತಿಸ್ವಾಮ್ಯವನ್ನು ಭಂಗಪಡಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೂ ಜುಲ್ಮಾನೆಯನ್ನೂ ವಿಧಿಸುತ್ತದೆ. ಕಾಪುಪ್ರತಿಯ ಹಕ್ಕು ಕಾಗದದ ಮೇಲಿದ್ದರೂ, ದೂರದ ಯಂತ್ರ ಒಪ್ಪದೆ ಆಟ ತೆರೆಯದಿದ್ದರೆ ಆ ಪ್ರತಿಯಿಂದ ಪ್ರಯೋಜನವಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಒಂದು ಹೆಜ್ಜೆ ಮುಂದಿದೆ. ಕೊಡುವುದು ಅನುಮತಿ ಮಾತ್ರವಾದರೆ ಅದನ್ನು ಸ್ಪಷ್ಟವಾಗಿ ಹೇಳದೆ 'ಕೊಳ್ಳಿರಿ' ಎಂಬ ಮಾತನ್ನು ಬಳಸಕೂಡದೆಂದು ಅದು ವಿಧಿಸುತ್ತದೆ. ಶಾಶ್ವತವಾಗಿ ಇಳಿಸಿಕೊಂಡು ಇಂಟರ್ನೆಟ್ಟಿಲ್ಲದೆಯೂ ಬಳಸಬಹುದಾದ ಸರಕಿಗೆ ಈ ನಿರ್ಬಂಧವಿಲ್ಲ. ಬೀಗವಿಲ್ಲದ ಸರಕು ಬೇರೆ ಜಾತಿಯದೆಂದು ಒಂದು ಸರಕಾರ ಒಪ್ಪಿಕೊಂಡಂತಾಯಿತು.

ಇಷ್ಟಾದರೂ ಬೀಗವಿಲ್ಲದ ಆಟವನ್ನು ಕೊಂಡವನಿಗೆ ಹಳೆಯ ಕ್ರಯಪತ್ರದ ಸ್ವಾಮ್ಯವೆಲ್ಲ ಬರುವುದೆಂದು ಭ್ರಮಿಸಬಾರದು. ಅಲ್ಲಿಯೂ ಕಾಗದದ ಮೇಲೆ ಇರುವುದು ಅನುಮತಿಯೇ. ಮರುಮಾರಾಟ ಮಾಡುವಂತಿಲ್ಲ, ಊರಿಗೆಲ್ಲ ಹಂಚುವಂತಿಲ್ಲ. ಆದರೆ ಇಟ್ಟುಕೊಳ್ಳುವ ಭಾಗ್ಯವನ್ನು ಯಾರೂ ಕಿತ್ತುಕೊಳ್ಳಲಾರರು. ಹತ್ತು ವರ್ಷದ ಮೇಲೂ ತೆಗೆದು ಆಡಬಹುದು. ನಾಲ್ಕು ವ್ಯವಹಾರಗಳು ಹೋದರೂ ಭೋಗವೊಂದು ಉಳಿಯಿತು. ಬೀಗ ಹಾಕಿದ ಸರಕಿನಲ್ಲಿ ಅದಕ್ಕೂ ಭರವಸೆಯಿಲ್ಲ.

ಮಕ್ಕಳಿಗೆ ಆಟ ಕೊಡಿಸುವ ತಂದೆತಾಯಿಗಳು ಬೆಲೆಯನ್ನು ವಿಚಾರಿಸುವಂತೆ ಬೀಗವನ್ನೂ ವಿಚಾರಿಸಬೇಕು. ಬೀಗವಿಲ್ಲದೆ ಸಿಕ್ಕುವುದಾದರೆ ಅಲ್ಲಿಯೇ ಕೊಂಡು, ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಜೋಪಾನವಾಗಿಡಬೇಕು. ಅದನ್ನು ಬೀದಿಗೆ ಹಂಚಬಾರದೆಂದೂ ಮಕ್ಕಳಿಗೆ ಹೇಳಿಕೊಡಬೇಕು. ನಂಬಿ ಮಾರಿದವನಿಗೆ ಮೋಸ ಮಾಡಿದರೆ ಮುಂದಿನವನು ನಂಬಿ ಮಾರಲಾರ. ಕನ್ನಡದಲ್ಲಿ ಆಟಗಳನ್ನು ರಚಿಸುವ ತರುಣರಿಗೂ ಈ ಇತಿಹಾಸ ಉಪಯೋಗಕ್ಕೆ ಬಂದೀತು. ನಾಲ್ಕು ಮನೆಗಳಲ್ಲಿ ಪ್ರತಿಯಿದ್ದ ಗ್ರಂಥವೇ ನಮ್ಮ ಕೈಗೆ ಬಂದಿತು. ಅವರ ಆಟಗಳಿಗೂ ಅದೇ ನ್ಯಾಯ.