ಡಿಡ್‌ಕಾಟ್ ‘ಎ’ ವಿದ್ಯುತ್ ಸ್ಥಾವರ: ಕೆಡವಿದ ಕಥೆ

ಆಕ್ಸ್‌ಫರ್ಡ್‌ಶೈರ್, ಇಂಗ್ಲೆಂಡ್

ಸ್ಥಾವರ
ಸುಮಾರು 2,000 ಮೆಗಾವಾಟ್ ಸಾಮರ್ಥ್ಯದ ಈ ಸ್ಥಾವರ 1970ರಲ್ಲಿ ಉತ್ಪಾದನೆ ಆರಂಭಿಸಿ, 2013ರ ಮಾರ್ಚ್ 22ರಂದು ನಿಂತಿತು. ಕಲ್ಲಿದ್ದಲು ರೈಲಿನಲ್ಲಿ ಬರುತ್ತಿತ್ತು, ನೀರು ಥೇಮ್ಸ್ ನದಿಯದು. ವಾಸ್ತುಶಿಲ್ಪಿ ಫ್ರೆಡರಿಕ್ ಗಿಬರ್ಡ್ ಆರು ಶೀತಲ ಗೋಪುರಗಳನ್ನು ಮೂರು ಮೂರರ ಎರಡು ಗುಂಪುಗಳಾಗಿ, ಅರ್ಧ ಮೈಲಿ ಅಂತರದಲ್ಲಿ ನಿಲ್ಲಿಸಿದರು. ಬಯಲಿನ ನೋಟಕ್ಕೆ ಅಡ್ಡಿ ಕಡಿಮೆಯಾಗಲೆಂಬುದು ಅವರ ಲೆಕ್ಕಾಚಾರ. ಗೋಪುರಗಳಿಂದ ಏಳುತ್ತಿದ್ದ ಬಿಳಿ ಮೋಡ ಹೊಗೆಯಲ್ಲ, ನೀರಾವಿ. ಹೊಗೆಗೆಂದೇ 200 ಮೀಟರ್ ಎತ್ತರದ ಚಿಮಣಿ ಇತ್ತು.

ಗೋಪುರ ಬೀಳುವ ಬಗೆ
ಗೋಪುರವೆಂದರೆ ಓರೆಗಾಲುಗಳ ಮೇಲೆ ನಿಂತ ಟೊಳ್ಳು ಕಾಂಕ್ರೀಟ್ ಚಿಪ್ಪು. ಒಂದು ಪಕ್ಕದ ಕಾಲುಗಳಿಗೂ ಚಿಪ್ಪಿನ ಕೆಳಭಾಗಕ್ಕೂ ರಂಧ್ರ ಕೊರೆದು ಸಿಡಿಮದ್ದು ತುಂಬುತ್ತಾರೆ. ಆಸರೆ ತಪ್ಪಿದ ಪಕ್ಕ ಕುಸಿಯುತ್ತದೆ, ಚಿಪ್ಪು ತಿರುಚಿಕೊಳ್ಳುತ್ತದೆ, ಉಳಿದದ್ದನ್ನು ಗೋಪುರದ ಭಾರವೇ ಮುಗಿಸುತ್ತದೆ.

ಕೆಡವಿದ ಹಂತಗಳು
2014 ಜುಲೈ 27: ದಕ್ಷಿಣದ ಮೂರು ಗೋಪುರಗಳು. ನಸುಕಿನಲ್ಲೇ ಸ್ಫೋಟಿಸಿದರೂ ನೋಡಲು ಸಾವಿರಾರು ಜನ ಸೇರಿದ್ದರು.
2016 ಫೆಬ್ರುವರಿ 23: ಕೆಡವಲು ಸಿದ್ಧಗೊಳಿಸುತ್ತಿದ್ದ ಬಾಯ್ಲರ್ ಕಟ್ಟಡದ ಒಂದು ಭಾಗ ಹಠಾತ್ತನೆ ಕುಸಿದು ನಾಲ್ವರು ಕಾರ್ಮಿಕರು ಮೃತಪಟ್ಟರು.
2016 ಜುಲೈ 17: ಉಳಿದ ಭಾಗದೊಳಗೆ ಜನರನ್ನು ಕಳಿಸುವುದು ಅಪಾಯವೆಂದು, ದೂರನಿಯಂತ್ರಿತ ರೋಬೋಗಳಿಂದ ಸಿಡಿಮದ್ದು ಇಡಿಸಿ ಕೆಡವಲಾಯಿತು. ಮೃತರಲ್ಲಿ ಕೊನೆಯವರ ದೇಹ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ.
2019 ಆಗಸ್ಟ್ 18: ಉತ್ತರದ ಮೂರು ಗೋಪುರಗಳು. ಗೋಪುರಕ್ಕೆ ಸುತ್ತಿದ್ದ ರಕ್ಷಣಾ ಹೊದಿಕೆಯ ಚೂರು ವಿದ್ಯುತ್ ತಂತಿಗೆ ತಗುಲಿ ಸುತ್ತಲ ಸಾವಿರಾರು ಮನೆಗಳ ಕರೆಂಟ್ ಹೋಯಿತು.
2020 ಫೆಬ್ರುವರಿ 9: ಚಿಮಣಿ.

ಪಕ್ಕದ ಡಿಡ್‌ಕಾಟ್ ‘ಬಿ’ ಅನಿಲದಿಂದ ನಡೆಯುವ ಪ್ರತ್ಯೇಕ ಸ್ಥಾವರ. ಈ ಕೆಡವುವಿಕೆ ಅದಕ್ಕೆ ಸಂಬಂಧಿಸಿದ್ದಲ್ಲ.