ಛಾಯಾಚಿತ್ರಣದಲ್ಲಿ ಟೆಕ್ಸ್ಚರ್

ಟೆಕ್ಸ್ಚರ್ ಎಂದರೆ ವಸ್ತುವಿನ ಮೇಲ್ಮೈಯ ಗುಣ: ತೆಂಗಿನ ನಾರಿನ ಒರಟು, ಬಾಳೆ ಎಲೆಯ ನುಣುಪು, ಸುಣ್ಣ ಕಳಚಿದ ಗೋಡೆಯ ಹಕ್ಕಳೆ, ವಯಸ್ಸಾದ ಕೈಯ ಸುಕ್ಕು. ಬೆರಳು ಮುಟ್ಟಿ ತಿಳಿಯುವುದನ್ನು ಛಾಯಾಚಿತ್ರ ಕಣ್ಣಿಗೇ ತಿಳಿಸಬೇಕಾಗುತ್ತದೆ. ಡಿಜಿಟಲ್ ಛಾಯಾಚಿತ್ರಣದಲ್ಲಿ ಈ ಪದ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಚಿತ್ರದ ವಸ್ತುವಾಗಿಯೇ ಸೆರೆಹಿಡಿದ ಮೇಲ್ಮೈ ಒಂದು. ಇನ್ನೊಂದು ಚಿತ್ರದ ಮೇಲೆ ಪದರವಾಗಿ ಹೊದಿಸಲು ತೆಗೆದಿಟ್ಟುಕೊಂಡ ಮೇಲ್ಮೈಯ ಚಿತ್ರ ಮತ್ತೊಂದು. ಇವೆರಡಕ್ಕೂ ಬೇಕಾದ ಬೆಳಕು ಒಂದೇ ಅಲ್ಲ. ಈ ವ್ಯತ್ಯಾಸ ಅರಿಯದೆ ಮಾಡಿದ ಕೆಲಸ ಎಷ್ಟೇ ಶ್ರಮಪಟ್ಟರೂ ಹೊಂದಿಕೊಳ್ಳುವುದಿಲ್ಲ.

ಮೇಲ್ಮೈಯ ಉಬ್ಬುತಗ್ಗು ಕಾಣಿಸುವುದು ಅದರ ಪುಟ್ಟ ನೆರಳುಗಳಿಂದ. ಬೆಳಕು ಕ್ಯಾಮೆರಾದ ಕಡೆಯಿಂದಲೇ ಬಿದ್ದರೆ ನೆರಳು ಉಬ್ಬಿನ ಹಿಂದೆ ಅಡಗಿಬಿಡುತ್ತದೆ. ಕ್ಯಾಮೆರಾದ ನೆತ್ತಿಯ ಫ್ಲಾಶ್ ಎಂಥ ಒರಟು ಕಲ್ಲನ್ನೂ ಸಪಾಟಾಗಿ ತೋರಿಸುವುದು ಇದರಿಂದ. ಬೆಳಕು ಮೇಲ್ಮೈಯನ್ನು ಸವರಿಕೊಂಡು ಓರೆಯಾಗಿ ಬಂದಾಗ ಒಂದೊಂದು ತರಿಯೂ ಎದ್ದು ನಿಲ್ಲುತ್ತದೆ. ಸೂರ್ಯ ದಿಗಂತದಿಂದ 60 ಡಿಗ್ರಿ ಮೇಲಿದ್ದಾಗ ನೆಲದ ಮೇಲಿನ 1 ಮಿ.ಮೀ. ಉಬ್ಬಿನ ನೆರಳು ಸುಮಾರು 0.6 ಮಿ.ಮೀ.; 10 ಡಿಗ್ರಿಗೆ ಇಳಿದಾಗ ಸುಮಾರು 5.7 ಮಿ.ಮೀ. ಬೆಳಿಗ್ಗೆ ಮತ್ತು ಸಂಜೆ ಮಾತ್ರ ಚಿತ್ರ ತೆಗೆಯಬೇಕೆಂಬ ಮಾತಿಗೆ ಇದೂ ಒಂದು ಕಾರಣ. ಆದರೆ ಅದು ನೆಲಕ್ಕೆ ಹೊಂದುವ ಮಾತು, ಗೋಡೆಗಲ್ಲ. ಸೂರ್ಯ ನೆತ್ತಿಗೆ ಬಂದಾಗ ಬೆಳಕು ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಸವರುತ್ತದೆ. ಕರ್ನಾಟಕದಲ್ಲಿ ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನ ಮಣ್ಣಿನ ಗೋಡೆಯ ಸಾರಣೆಯಲ್ಲಿ ಬೆರಳಿನ ಗುರುತು ಕೂಡ ಕಾಣುತ್ತದೆ. ಸೋಮನಾಥಪುರದ ಕೇಶವ ದೇವಾಲಯದಂಥ ನಕ್ಷತ್ರಾಕಾರದ ಕಟ್ಟಡದಲ್ಲಿ ಹೊರಗೋಡೆಯ ಮಡಿಕೆಗಳು ಬೇರೆ ಬೇರೆ ದಿಕ್ಕಿಗೆ ತಿರುಗಿರುವುದರಿಂದ, ಓರೆಬೆಳಕು ಒಂದೊಂದು ಮಡಿಕೆಗೆ ಒಂದೊಂದು ಹೊತ್ತಿನಲ್ಲಿ ಸಿಗುತ್ತದೆ. ಬಳಪದ ಕಲ್ಲಿನ ಆ ಸೂಕ್ಷ್ಮ ಕೆತ್ತನೆಯನ್ನು ಒಂದೇ ಗಂಟೆಯಲ್ಲಿ ಮುಗಿಸುತ್ತೇನೆಂದು ಹೋದವರಿಗೆ ಅದರ ಒಂದು ಪಾಲು ಮಾತ್ರ ದಕ್ಕುತ್ತದೆ.

ಸವೆದ ಶಾಸನದ ಅಕ್ಷರಗಳನ್ನು ಓದಲು ಟಾರ್ಚನ್ನು ಪಕ್ಕದಿಂದ ಹಿಡಿಯುವುದರ ಹಿಂದೆಯೂ ಇದೇ ತತ್ತ್ವವಿದೆ. ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಗಣಿತದ ವಿಧಾನವಾಗಿ ಬೆಳೆಸಿದರು. ಕ್ಯಾಮೆರಾವನ್ನು ಕದಲಿಸದೆ, ದೀಪವನ್ನು ಮಾತ್ರ ಸುತ್ತಲೂ ಸರಿಸುತ್ತ ಹಲವಾರು ಚಿತ್ರ ತೆಗೆದು ಜೋಡಿಸಿದರೆ, ಆಮೇಲೆ ಗಣಕದ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡಬಹುದು.

ಕ್ಯಾಮೆರಾದ ವಿಚಾರದಲ್ಲಿ ಹೇಳಬೇಕಾದದ್ದು ಕಡಿಮೆ. ಸಪಾಟಾದ ಮೇಲ್ಮೈಗೆ ಸೆನ್ಸರ್ ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ಒಂದು ಅಂಚು ಮಸುಕಾಗುತ್ತದೆ. ಅನೇಕ ಲೆನ್ಸ್‌ಗಳು ಅಪರ್ಚರ್ (ಬೆಳಕಿನ ಕಿಂಡಿ) ಎಫ್/8ರ ಆಸುಪಾಸಿನಲ್ಲಿದ್ದಾಗ ಅತ್ಯಂತ ಸ್ಪಷ್ಟವಾಗಿರುತ್ತವೆ, ಎಫ್/22ಕ್ಕೆ ಹೋದರೆ ಬೆಳಕಿನ ವಿವರ್ತನೆಯಿಂದ ನವುರು ವಿವರ ಕರಗುತ್ತದೆ. ಮೊಬೈಲ್ ಕ್ಯಾಮೆರಾಗಳು ಮಂದ ಬೆಳಕಿನಲ್ಲಿ ನಾಯ್ಸ್ ಅಳಿಸುವ ಭರದಲ್ಲಿ ಚರ್ಮದ ರಂಧ್ರ, ಬಟ್ಟೆಯ ಎಳೆ ಎಲ್ಲವನ್ನೂ ಒರೆಸಿಹಾಕುತ್ತವೆ. ಆದ್ದರಿಂದ ಹೀಗೆ ಸಂಸ್ಕರಿಸದ ರಾ ಕಡತ ಉಳಿಸಿಕೊಳ್ಳುವುದು ಮೇಲು. ಒತ್ತಾದ ನೇಯ್ಗೆಯ ರೇಷ್ಮೆಯ ಮೇಲೆ ಇಲ್ಲದ ಅಲೆಗಳು ಮೂಡಿದರೆ ಅದು ಮ್ವಾರೆ: ಬಟ್ಟೆಯ ಎಳೆಗಳ ಸಾಲಿಗೂ ಸೆನ್ಸರಿನ ಪಿಕ್ಸೆಲ್ ಸಾಲಿಗೂ ಆಗುವ ತಿಕ್ಕಾಟ. ಎರಡು ಹೆಜ್ಜೆ ಹಿಂದೆ ಸರಿದರೆ ಅಥವಾ ಕೋನ ಬದಲಿಸಿದರೆ ಹೆಚ್ಚಿನ ಸಲ ಹೋಗುತ್ತದೆ.

ಪದರ ಹೊದಿಸುವ ಕಲೆ ಗಣಕದೊಂದಿಗೆ ಹುಟ್ಟಿದ್ದಲ್ಲ. 1841ರಲ್ಲಿ ಇಂಗ್ಲೆಂಡಿನ ಟಾಲ್ಬಾಟ್ ಪೇಟೆಂಟ್ ಪಡೆದ ಆರಂಭಿಕ ಛಾಯಾಚಿತ್ರ ವಿಧಾನವಾದ ಕ್ಯಾಲೋಟೈಪ್‌ನಲ್ಲಿ ನೆಗೆಟಿವ್ ಕಾಗದದ್ದಾಗಿತ್ತು. ಅದರ ನಾರಿನ ಗುರುತು ಚಿತ್ರದ ಮೇಲೆ ತಾನಾಗಿಯೇ ಬೀಳುತ್ತಿತ್ತು. ಮುಂದೆ ಡಾರ್ಕ್‌ರೂಮಿನಲ್ಲಿ ನೆಗೆಟಿವ್ ಜೊತೆ ತರಿಯ ಅಚ್ಚಿರುವ ಪಾರದರ್ಶಕ ಹಾಳೆ (ಟೆಕ್ಸ್ಚರ್ ಸ್ಕ್ರೀನ್) ಇಟ್ಟು ಮುದ್ರಿಸುವ ರೂಢಿ ಬೆಳೆಯಿತು. ಛಾಯಾಚಿತ್ರವನ್ನು ವರ್ಣಚಿತ್ರದಂತೆ ಮಬ್ಬಾಗಿಸುವ ಇಂಥ ರೂಢಿಗಳ ವಿರುದ್ಧ ನಿಂತದ್ದು 1932ರಲ್ಲಿ ಕ್ಯಾಲಿಫೋರ್ನಿಯಾದ ಛಾಯಾಗ್ರಾಹಕರ ಎಫ್/64 ಗುಂಪು. ಅದರ ಸದಸ್ಯ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ದೊಣ್ಣೆಮೆಣಸಿನಕಾಯಿಯ ಚಿತ್ರದಲ್ಲಿ ಟೆಕ್ಸ್ಚರ್ ಎಂಬುದು ಆ ಕಾಯಿಯ ಸ್ವಂತ ಚರ್ಮವೇ. ಅಮೆರಿಕದ ಛಾಯಾಗ್ರಾಹಕ ಆರನ್ ಸಿಸ್ಕಿಂಡ್ 1940ರ ದಶಕದಿಂದ ಸುಲಿದ ಬಣ್ಣ, ಹರಿದ ಪೋಸ್ಟರುಗಳನ್ನು ಅಮೂರ್ತ ಚಿತ್ರಗಳಾಗಿಸಿದ. ಛಾಯಾಗ್ರಾಹಕ ಬ್ರಸಾಯ್ ಪ್ಯಾರಿಸ್ಸಿನ ಗೋಡೆಗಳ ಮೇಲಿನ ಗೀರುಗಳನ್ನು ದಶಕಗಳ ಕಾಲ ಹುಡುಕಿ ತೆಗೆದ.

1994ರಲ್ಲಿ ಫೋಟೋಶಾಪ್‌ನ ಮೂರನೆಯ ಆವೃತ್ತಿಗೆ ಲೇಯರ್ (ಪದರ) ಸೌಲಭ್ಯ ಬಂದ ಮೇಲೆ ಹೊದಿಕೆಯ ಕೆಲಸ ಸುಲಭವಾಯಿತು. ಲೇಯರುಗಳು ಬೆರೆಯುವುದು ಲೆಕ್ಕದ ಪ್ರಕಾರ. ಮಲ್ಟಿಪ್ಲೈ ವಿಧಾನದಲ್ಲಿ ಎರಡೂ ಪಿಕ್ಸೆಲ್‌ಗಳ ಹೊಳಪಿನ ಬೆಲೆಯನ್ನು ಗುಣಿಸಿ, ಅಚ್ಚ ಬಿಳಿಯ ಬೆಲೆಯಾದ 255ರಿಂದ ಭಾಗಿಸಲಾಗುತ್ತದೆ: 200 ಮತ್ತು 100 ಸೇರಿದರೆ ಸುಮಾರು 78. ಚಿತ್ರ ಯಾವಾಗಲೂ ಕಪ್ಪಿನ ಕಡೆಗೇ ವಾಲುತ್ತದೆ, ಬಿಳಿ ಮಾತ್ರ ಏನನ್ನೂ ಬದಲಿಸುವುದಿಲ್ಲ. ಸ್ಕ್ರೀನ್ ವಿಧಾನ ಇದರ ತಿರುವುಮುರುವು. ಅದೇ ಜೋಡಿಗೆ ಸುಮಾರು 222 ಬರುತ್ತದೆ. ಓವರ್‌ಲೇ, ಸಾಫ್ಟ್ ಲೈಟ್‌ಗಳಲ್ಲಿ ನಡುಬೂದು ತಟಸ್ಥ. ಹಾಗಾಗಿ ಟೆಕ್ಸ್ಚರಿನ ಬಣ್ಣ ತೆಗೆದು, ಸರಾಸರಿಯನ್ನು ನಡುಬೂದಿಗೆ ತಂದು ಹೊದಿಸಿದರೆ ಮೂಲ ಚಿತ್ರದ ಬಣ್ಣ ಬಹುಮಟ್ಟಿಗೆ ಕೆಡದೆ ತರಿ ಮಾತ್ರ ಸೇರುತ್ತದೆ. ಮುಖ ಮತ್ತು ಕಣ್ಣುಗಳ ಮೇಲೆ ಮಾಸ್ಕ್ ಹಾಕಿ ಹೊದಿಕೆಯನ್ನು ತೆಳುಗೊಳಿಸುವುದು ವಾಡಿಕೆ.

ಹೊದಿಕೆಗೆಂದು ತೆಗೆಯುವ ಟೆಕ್ಸ್ಚರಿಗೆ ಮೋಡದ ಹರಡಿದ ಬೆಳಕೇ ಒಳ್ಳೆಯದು. ಓರೆಬೆಳಕಿನಲ್ಲಿ ತೆಗೆದ ಗೋಡೆಯ ನೆರಳು ಬಲಕ್ಕೆ ಬಿದ್ದಿದ್ದು, ಚಿತ್ರದಲ್ಲಿನ ವ್ಯಕ್ತಿಯ ನೆರಳು ಎಡಕ್ಕಿದ್ದರೆ, ನೋಡುವವನಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲವೆನಿಸುತ್ತದೆ. ಹಳೆಯ ಕಾಗದ, ಗೋಣಿತಟ್ಟು, ಒಣಎಲೆಗಳಿಗೆ ಸ್ಕ್ಯಾನರ್ ಸಾಕು: ಎ4 ಹಾಳೆಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 3.5 ಕೋಟಿ ಪಿಕ್ಸೆಲ್ ದೊರೆಯುತ್ತದೆ. ಲೈಟ್‌ರೂಮ್‌ಗೆ 2019ರಲ್ಲಿ ಸೇರಿದ ಟೆಕ್ಸ್ಚರ್ ಸ್ಲೈಡರ್ ಮೇಲಿನ ಎರಡೂ ಅರ್ಥಗಳಿಗೆ ಸೇರುವುದಿಲ್ಲ. ಅದು ಚಿತ್ರದಲ್ಲಿ ಆಗಲೇ ಇರುವ ಮಧ್ಯಮ ಗಾತ್ರದ ವಿವರವನ್ನು ಏರಿಸುತ್ತದೆ ಇಲ್ಲವೇ ಇಳಿಸುತ್ತದೆ, ಹೊಸದೇನನ್ನೂ ತಂದು ಸೇರಿಸುವುದಿಲ್ಲ. ಸುದ್ದಿಚಿತ್ರಗಳಲ್ಲಿ ಹೊದಿಕೆಗೆ ಅವಕಾಶವಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳ ಪ್ರಕೃತಿ ವಿಭಾಗದಲ್ಲೂ ಮೂಲ ದೃಶ್ಯದಲ್ಲಿಲ್ಲದ್ದನ್ನು ಸೇರಿಸುವುದು ನಿಷಿದ್ಧವಾದ್ದರಿಂದ, ಅಲ್ಲಿ ಹಕ್ಕಿಯ ಗರಿಯ ನವುರನ್ನು ಬೆಳಕಿನಿಂದಲೇ ಪಡೆಯಬೇಕು.